ಉಸಿರೆಳೆಯದೆ ಓಡಿದ ಯಂತ್ರ

ಅತ್ತಿಗೆಯನ್ನು ಹುಡುಕಿಕೊಂಡು ಬಂದವರು ಮೊದಲು ಮೈದುನನನ್ನು ದಾಟಬೇಕಿತ್ತು. ಕೆಳಗೆ ಅವನ ಫೋಟೋ ಫ್ರೇಮ್ ಅಂಗಡಿ, ಮಹಡಿಯ ಮೇಲೆ ಅವರ ಮನೆ. ವಿಮಾ ಕಂಪನಿಯಲ್ಲಿ ಮೊದಲು ಅಪಘಾತಗಳನ್ನೂ ಆಮೇಲೆ ಕಂಪ್ಯೂಟರ್ ಮೋಸಗಳನ್ನೂ ತನಿಖೆ ಮಾಡಿ ನಿವೃತ್ತರಾದ ಅತ್ತಿಗೆಗೆ ಆ ಬೀದಿಯಲ್ಲೊಂದು ಹೆಸರಿತ್ತು. ಮೈದುನನಿಗೂ ಹೆಸರಿತ್ತು ಅನ್ನಿ. ಯಾವ ಕೇಸೇ ಬರಲಿ, ಅರ್ಧ ಕೇಳುವಷ್ಟರಲ್ಲಿ ಅಪರಾಧಿ ಯಾರೆಂದು ಹೇಳಿಬಿಡುತ್ತಿದ್ದ. ಒಂದು ಸಲವೂ ಅದು ಸರಿಯಾಗಿರಲಿಲ್ಲ. ಅದಕ್ಕಾಗಿ ಬೇಜಾರು ಮಾಡಿಕೊಳ್ಳುವ ಪೈಕಿಯೂ ಅವನಲ್ಲ.

ಆ ಶುಕ್ರವಾರ ಬೆಳಿಗ್ಗೆ ಬಂದವಳು ಎಳೆ ವಯಸ್ಸಿನ ಹುಡುಗಿ. ಕಣ್ಣು ಕೆಂಪಗಿತ್ತು, ಅಳುವುದನ್ನೆಲ್ಲ ದಾರಿಯಲ್ಲೇ ಮುಗಿಸಿಕೊಂಡು ಬಂದಿದ್ದಳು. ಕೃತಕ ಕಾಲು ತಯಾರಿಸುವ ಕಾರ್ಯಾಗಾರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ಅವಳ ಕೆಲಸ.

"ಸಂಜೆ ನಾಲ್ಕಕ್ಕೆ ವಿಚಾರಣೆ ಇದೆ ಮೇಡಂ. ನನ್ನನ್ನ ಕೆಲಸದಿಂದ ತೆಗೆದು ಪೊಲೀಸರಿಗೆ ದೂರು ಕೊಡ್ತಾರಂತೆ, ಒಬ್ಬ ಮನುಷ್ಯನ ಕಾಲಿಗೆ ಬೇಕಂತಲೇ ಗಾಯ ಮಾಡಿದಳು ಅಂತ. ಆ ಮಾತು ಒಂದ್ಸಲ ಅಂಟಿಕೊಂಡ್ರೆ ಇನ್ಯಾವ ಕಾರ್ಯಾಗಾರದವರು ನನ್ನ ಒಳಗೆ ಬಿಟ್ಕೋತಾರೆ?"

"ಕೂತ್ಕೋ," ಎಂದರು ಅತ್ತಿಗೆ. "ಮೊದಲಿಂದ ಹೇಳು. ಇವನಿಗೂ ಅರ್ಥ ಆಗೋ ಹಾಗೆ ಹೇಳು."

ಅವಳು ಹೇಳಿದ್ದು ಇಷ್ಟು. ಕಾಲು ಕಳೆದುಕೊಂಡವರ ಉಳಿದ ಭಾಗದ ಅಳತೆಯನ್ನು ಕಂಪ್ಯೂಟರಿಗೆ ಕೊಟ್ಟರೆ, ಅದು ಕೆತ್ತುವ ಯಂತ್ರಕ್ಕೆ ಆಜ್ಞೆ ಕಳಿಸುತ್ತದೆ. ಯಂತ್ರ ಅಚ್ಚು ಕೆತ್ತುತ್ತದೆ. ಅಚ್ಚಿನ ಮೇಲೆ ಪ್ಲಾಸ್ಟಿಕ್ ಎಳೆದು, ಕಾಲು ಕೂರುವ ಬಟ್ಟಲು ಮಾಡುತ್ತಾರೆ. ಆದರೆ ಯಂತ್ರಕ್ಕೆ ವಯಸ್ಸಾಗಿತ್ತು. ಆಜ್ಞೆಗಳು ಒಂದರ ಮೇಲೊಂದು ಬಿದ್ದರೆ ನಡುವಿನ ಕೆಲವನ್ನು ನುಂಗಿಬಿಡುತ್ತಿತ್ತು, ಅಚ್ಚು ಇಕ್ಕಟ್ಟಾಗುತ್ತಿತ್ತು. ಅದಕ್ಕೇ ಹುಡುಗಿ, ಆಜ್ಞೆ ಕಳಿಸುವ ಲೈಬ್ರರಿಯನ್ನೇ ತಿದ್ದಿದ್ದಳು.

"ಲೈಬ್ರರಿ ಅಂದ್ರೆ ಪುಸ್ತಕ ಇಡೋದಾ?" ಎಂದ ಮೈದುನ.

"ಅಲ್ಲ ಅಣ್ಣಾ. ಬೇರೆ ಪ್ರೋಗ್ರಾಮುಗಳೆಲ್ಲ ಎರವಲು ಪಡೆದು ಬಳಸೋ ಒಂದು ಪ್ರೋಗ್ರಾಂ. ಇದು ಹೊರಗಿನ ಯಂತ್ರಗಳ ಜೊತೆ ಮಾತಾಡೋಕೆ ಇರೋದು. ನಾನು ಅದರ ಮೂಲ ಬರಹ ತಗೊಂಡು, ಒಂದು ಆಜ್ಞೆ ಕೊಟ್ಟ ಮೇಲೆ ಯಂತ್ರ ‘ಆಯ್ತು’ ಅನ್ನೋವರೆಗೂ ಕಾಯೋ ಹಾಗೆ ತಿದ್ದಿ, ಕಂಪೈಲ್ ಮಾಡಿ, ಅಂದ್ರೆ ಕಂಪ್ಯೂಟರ್ ಓಡಿಸೋ ರೂಪಕ್ಕೆ ಮತ್ತೆ ತಂದು, ಹಾಕಿದ್ದೆ. ಒಂದು ವರ್ಷದಿಂದ ಒಂದು ಅಚ್ಚೂ ಕೆಟ್ಟಿರಲಿಲ್ಲ."

ಶನಿವಾರ ಕೆತ್ತಿದ ಅಚ್ಚು ಸರಿಯಾಗಿತ್ತು. ಭಾನುವಾರ ರಜೆ. ಸೋಮವಾರ ಕೆತ್ತಿದ್ದು ಕೂದಲೆಳೆಯಷ್ಟು ಇಕ್ಕಟ್ಟು. ಕಣ್ಣಿಗೆ ಕಾಣದು, ಚರ್ಮಕ್ಕೆ ಗೊತ್ತಾಗುತ್ತದೆ. ಅದರ ಮೇಲೆ ಮಾಡಿದ ಕಾಲನ್ನು ಬಸ್ ಕಂಡಕ್ಟರೊಬ್ಬರು ತೊಟ್ಟು ಒಂದು ದಿನ ಡ್ಯೂಟಿ ಮಾಡಿದ್ದರು. ಸಂಜೆಗೆ ರಕ್ತ ಸೋರಿತ್ತು. ಯಂತ್ರದ ಕಂಪನಿಯವನು ಬಂದು ನೋಡಿ, ಹುಡುಗಿ ಕಟ್ಟಿದ ಲೈಬ್ರರಿ ಮಾಯವಾಗಿದೆ, ಆ ಜಾಗದಲ್ಲಿ ಎಲ್ಲರಿಗೂ ಸಿಗುವ ಮಾಮೂಲಿ ಲೈಬ್ರರಿ ಕೂತಿದೆ, ಯಾರು ಯಾವಾಗ ಬದಲಾಯಿಸಿದರೆಂಬ ದಾಖಲೆಯೂ ಅಳಿಸಿದೆ ಎಂದು ಹೇಳಿಹೋದ.

"ನೀನು ಆಗ ಎಲ್ಲಿದ್ದೆ?"

"ಪರೀಕ್ಷೆ ಇತ್ತು ಮೇಡಂ. ಸೂಪರಿಂಟೆಂಡೆಂಟ್ ರಜೆ ಕೊಡಲ್ಲ ಅಂದ್ರು. ಶನಿವಾರ ಜಗಳ ಆಯ್ತು." ಹುಡುಗಿ ತಲೆ ತಗ್ಗಿಸಿದಳು. "‘ನಾನಿಲ್ಲದೆ ನಿಮ್ಮ ಯಂತ್ರ ಹೇಗೆ ಓಡುತ್ತೋ ನೋಡ್ತೀನಿ’ ಅಂದು ಬಾಗಿಲು ಹಾಕ್ಕೊಂಡು ಬಂದುಬಿಟ್ಟೆ. ನಿನ್ನೆ ವಾಪಸ್ ಹೋದ್ರೆ ಗೇಟಲ್ಲೇ ತಡೆದ್ರು."

ಮೈದುನ ನಾಲಿಗೆ ಕಚ್ಚಿಕೊಂಡ. ಅವಳನ್ನು ಸಿಕ್ಕಿಸಲು ಅವರಿಗೆ ಆ ಒಂದು ಮಾತು ಸಾಕು, ಇನ್ನು ಯಾವ ಸಾಕ್ಷಿಯೂ ಬೇಕಿಲ್ಲ ಅನ್ನಿಸಿತು.

"ಯಂತ್ರದ ಕೋಣೆಯ ಕೀಲಿ?"

"ಎರಡಿದೆ. ಒಂದು ನನ್ನ ಹತ್ರ, ಇನ್ನೊಂದು ಹಿರಿಯ ಮೇಸ್ತ್ರಿ ಹತ್ರ."

"ಕಂಪ್ಯೂಟರಿನ ಪಾಸ್‌ವರ್ಡ್?"

"ಅದು ಎಲ್ಲರ ಹತ್ರಾನೂ ಇದೆ," ಎಂದಳು ಹುಡುಗಿ ಸಣ್ಣ ದನಿಯಲ್ಲಿ. "ನನಗೆ ಜ್ವರ ಬಂದಾಗ ಫೋನಲ್ಲಿ ಕೂಗಿ ಹೇಳಿದ್ದೆ. ಸ್ಪೀಕರ್ ಹಾಕಿದ್ರು."

ಅತ್ತಿಗೆ ನಕ್ಕರು. "ಭಲೇ. ನೀನು ತಿದ್ದಿದ ಲೈಬ್ರರಿಯ ನಕಲು ಇದೆಯಾ?"

"ಪೆನ್‌ಡ್ರೈವಲ್ಲಿದೆ."

"ನಾಲ್ಕಕ್ಕೆ ಅದನ್ನ ತಗೊಂಡು ಬಾ. ಅಲ್ಲೀವರೆಗೆ ಊಟ ಮಾಡು, ಮುಖ ತೊಳಿ. ಯಾರ ಹತ್ರಾನೂ ಬಾಯಿ ಬಿಡಬೇಡ, ನಿನ್ನ ಬಾಯಿ ಈಗಾಗ್ಲೇ ಬೇಕಾದಷ್ಟು ಮಾಡಿದೆ."

ಕಾರ್ಯಾಗಾರದ ಮೆಟ್ಟಿಲು ಹತ್ತುವಾಗಲೇ ಮೈದುನ ತೀರ್ಪು ಕೊಟ್ಟ. "ಮೇಸ್ತ್ರಿಯೇ ಅತ್ತಿಗೆ. ಕೀಲಿ ಇದೆ. ಕೈಯಲ್ಲಿ ಕೆತ್ತುತ್ತಿದ್ದವರ ಕೆಲಸವನ್ನ ಯಂತ್ರ ಕಿತ್ಕೊಂಡಿದೆ. ಹೊಟ್ಟೆಯುರಿ ಇರಲ್ವಾ?"

"ನೀನು ಮುಗಿಸಿದೆಯಲ್ಲ, ಇನ್ನು ನಾನು ಶುರು ಮಾಡಲಾ?" ಎಂದರು ಅತ್ತಿಗೆ.

ಒಳಗೆ ಉದ್ದನೆಯ ಹಾಲ್. ಬೆಂಚುಗಳ ತುಂಬ ಜನ, ಗೋಡೆಗೆ ಒರಗಿಸಿದ ಊರುಗೋಲುಗಳು. ಇದ್ದಕ್ಕಿದ್ದಂತೆ ತಲೆಯ ಮೇಲಿಂದ ಒಂದು ದನಿ ಬಂತು: "ಟೋಕನ್ ಸಂಖ್ಯೆ ಏಳು, ದಯವಿಟ್ಟು ಒಳಗೆ ಬನ್ನಿ." ಮೈದುನ ಬೆಚ್ಚಿಬಿದ್ದು ಸುತ್ತ ನೋಡಿದ. ಗೋಡೆಯ ಮೇಲೆ ಒಂದು ಸ್ಪೀಕರ್ ಪೆಟ್ಟಿಗೆ. ಕೌಂಟರಿನಲ್ಲಿ ಕೂತ ಹೆಂಗಸು ಗುಂಡಿಯಿಂದ ಬೆರಳು ತೆಗೆದು ನಕ್ಕರು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದರು. ಅವರು ಸೂಪರಿಂಟೆಂಡೆಂಟರ ಸ್ವಂತ ಅಕ್ಕ.

"ಗಂಟಲು ಕೆಟ್ಟಿದೆ," ಎಂದು ಪಿಸುಗುಟ್ಟಿದರು. "ಇಷ್ಟು ವರ್ಷ ಕೂಗಿ ಕೂಗಿ. ಡಾಕ್ಟ್ರು ಮಾತೇ ಆಡಬೇಡಿ ಅಂದಿದ್ದಾರೆ. ಕೆಲಸ ಬಿಡಬೇಕಾಗುತ್ತೇನೋ ಅಂತ ಜೀವ ಬಾಯಿಗೆ ಬಂದಿತ್ತು. ಈ ವಾರ ಈ ದನಿ ಬಂತು, ಉಳ್ಕೊಂಡೆ."

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಹೊರಗೆ ಬಂದರು. ಇಸ್ತ್ರಿ ಹಾಕಿದ ಅಂಗಿ, ದಣಿದ ಮುಖ. "ಅದು ಅಂಗಡಿಯಿಂದ ತಂದ ಪೆಟ್ಟಿಗೆ," ಎಂದರು. "ತನ್ನಷ್ಟಕ್ಕೆ ತಾನೇ ಮಾತಾಡುತ್ತೆ. ನೀವು ಫೋನ್ ಮಾಡಿದ್ರಿ, ಆ ಹುಡುಗಿ ಪರವಾಗಿ ಬರ್ತೀರಿ ಅಂತ ನಮ್ಮ ಸಂಸ್ಥೆಯ ಅಧ್ಯಕ್ಷರು ಹೇಳಿದ್ರು. ನೋಡಿ, ನನಗೆ ಕಂಪ್ಯೂಟರಿನ ಗಂಧಗಾಳಿಯೂ ಇಲ್ಲ. ಆದ್ರೆ ಕೋಣೆಗೆ ಬೀಗ ಇತ್ತು, ಕೀಲಿ ಅವಳ ಹತ್ರ ಇತ್ತು, ಹೋಗುವಾಗ ಬೆದರಿಕೆ ಹಾಕಿ ಹೋಗಿದ್ಲು. ಇನ್ನೇನು ಬೇಕು?"

"ನನಗೇನೂ ಬೇಡ. ನೀವು ನಿಮ್ಮ ಕೆಲಸ ಮಾಡ್ತಿರಿ, ನಾನು ನೋಡ್ತಿರ್ತೀನಿ," ಎಂದು ಅತ್ತಿಗೆ ಹಾಲಿನಲ್ಲಿ ಸುತ್ತು ಹಾಕತೊಡಗಿದರು. ಆ ಪೆಟ್ಟಿಗೆಯಿಂದ ಇಳಿದ ಕಪ್ಪು ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸಿದರು. ಅದು ಗೋಡೆಯ ಬುಡ ಹಿಡಿದು ಸಾಗಿ, ಯಂತ್ರದ ಕೋಣೆಯ ಬಾಗಿಲ ಸಂದಿಯಲ್ಲಿ ಒಳಗೆ ನುಗ್ಗಿತ್ತು. ಅತ್ತಿಗೆ ಯಾಕೆ ನೆಲ ನೋಡುತ್ತಿದ್ದಾರೆಂದು ಮೈದುನನಿಗೆ ತಿಳಿಯಲಿಲ್ಲ. ಧೂಳು ನೋಡುತ್ತಿರಬೇಕು ಅಂದುಕೊಂಡ.

ಮೇಸ್ತ್ರಿ ಯಂತ್ರದ ಕೋಣೆಯಲ್ಲೇ ಇದ್ದರು. ಇಕ್ಕಟ್ಟಾದ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿಂದ ಸವರುತ್ತಿದ್ದರು. ಮೈದುನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಪರಾಧಿಯ ಕಳೆ ಒಂದಿಷ್ಟೂ ಕಾಣದೆ ಅವನಿಗೆ ಸ್ವಲ್ಪ ನಿರಾಸೆಯಾಯಿತು.

"ನನಗೆ ಈ ಯಂತ್ರ ಕಂಡ್ರೆ ಆಗಲ್ಲ, ಮುಚ್ಚುಮರೆ ಏನಿಲ್ಲ," ಎಂದರು ಮೇಸ್ತ್ರಿ. "ಆದ್ರೆ ಆ ಮಗು ಅದನ್ನ ಪಳಗಿಸಿದ್ಲು. ಟಕ್ ಅಂತಿತ್ತು, ನಿಲ್ತಿತ್ತು, ಮತ್ತೆ ಟಕ್. ಸೋಮವಾರ ಬಂದು ಚಾಲೂ ಮಾಡಿದ್ರೆ, ಉಸಿರೆಳೆಯದೆ ಓಡ್ತು. ಮಧ್ಯಾಹ್ನದ ಹೊತ್ತಿಗೆ ಮುಗೀತಿದ್ದ ಅಚ್ಚು ಬೆಳಿಗ್ಗೇನೇ ಮುಗಿದುಹೋಯ್ತು. ಸೂಪರಿಂಟೆಂಡೆಂಟ್‌ಗೆ ಹೇಳ್ದೆ. ‘ಬೇಗ ಆದ್ರೆ ಒಳ್ಳೇದಲ್ವಾ’ ಅಂದ್ರು. ಆಗ ಅವರ ಮುಖದಲ್ಲಿ ರಕ್ತ ಇರಲಿಲ್ಲ, ಹುಷಾರಿಲ್ವೇನೋ ಅಂದ್ಕೊಂಡೆ."

"ಮೇಜಿನ ಕೆಳಗಿರೋ ಕಂಪ್ಯೂಟರ್ ಯಾವ ಯಾವ ಕೆಲಸಕ್ಕೆ?"

"ಇಡೀ ಕಟ್ಟಡಕ್ಕೆ ಇದೊಂದೇ. ಕೌಂಟರಿನಲ್ಲಿರೋದೂ ಇದರದೇ ಇನ್ನೊಂದು ಪರದೆ, ಕೀಲಿಮಣೆ."

ಅತ್ತಿಗೆ ಮೇಸ್ತ್ರಿಗೆ ಕೈಮುಗಿದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಮುಖದಲ್ಲಿ ಸಮಾಧಾನ ಇತ್ತು. ಪಕ್ಕದಲ್ಲಿ ಬಸ್ ಕಂಡಕ್ಟರ್ ಊರುಗೋಲಿನ ಮೇಲೆ ಗದ್ದ ಊರಿಕೊಂಡು ಕೂತಿದ್ದರು, ಬ್ಯಾಂಡೇಜು ಸುತ್ತಿದ ತೊಡೆ ಚಾಚಿಕೊಂಡು.

"ಆ ಹುಡುಗಿ ಬೇಕಂತ ಮಾಡಿದ್ಲು ಅಂದ್ರೆ ಮನಸ್ಸು ಒಪ್ಪಲ್ಲ," ಎಂದರು ಕಂಡಕ್ಟರ್. "ಅಳತೆ ತಗೊಳ್ಳೋವಾಗ ನೋವಾಗುತ್ತಾ ಅಂತ ನೂರು ಸಲ ಕೇಳ್ತಿದ್ಲು. ಆದ್ರೆ ಗಾಯ ನನ್ನದು. ಯಾರು ಅಂತ ನನಗೆ ಗೊತ್ತಾಗ್ಬೇಕು."

"ನಾಲ್ಕಕ್ಕೆ ಗೊತ್ತಾಗುತ್ತೆ," ಎಂದರು ಅತ್ತಿಗೆ. ಮೈದುನ ದಡಬಡಿಸಿ ಅವರ ಕಡೆ ತಿರುಗಿದ. ಅವನಿಗಂತೂ ತಲೆಬುಡ ಗೊತ್ತಾಗಿರಲಿಲ್ಲ.

"ಪ್ಯಾಕೇಜ್ ಮ್ಯಾನೇಜರ್ ಗೊತ್ತೇನೋ ನಿನಗೆ?"

"ಪಾರ್ಸೆಲ್ ಆಫೀಸಿನವರಾ?"

"ಕಂಪ್ಯೂಟರಿನೊಳಗಿನ ಉಗ್ರಾಣಿ ಅಂದ್ಕೋ. ಹೊಸ ಪ್ರೋಗ್ರಾಂ ಬೇಕು ಅಂದ್ರೆ, ಅದಕ್ಕೆ ಬೇಕಾದ್ದನ್ನೆಲ್ಲ ಅವನೇ ಹುಡುಕಿ ತರ್ತಾನೆ. ಒಂದಕ್ಕೆ ಹಳೇ ಲೈಬ್ರರಿ ಬೇಕು, ಇನ್ನೊಂದಕ್ಕೆ ಅದೇ ಹೆಸರಿನ ಹೊಸ ಲೈಬ್ರರಿ ಬೇಕು ಅಂತಿಟ್ಕೋ. ಒಂದು ಹೆಸರಿಗೆ ಅವನ ಹತ್ರ ಒಂದೇ ಜಾಗ. ಎರಡೂ ಆಗಲ್ಲ, ಒಂದನ್ನ ತೆಗೀಲಾ ಅಂತ ಕೇಳ್ತಾನೆ. ಹೂಂ ಅಂದ್ರೆ ತೆಗೆದೇ ಬಿಡ್ತಾನೆ. ತೆಗೀತಿರೋದು ಯಾರ ಬೆವರು ಅಂತ ಅವನಿಗೇನು ಗೊತ್ತು?"

ಮೈದುನ ಹೂಂಗುಟ್ಟಿದ. ಅರ್ಥವಾಯಿತೆಂದಲ್ಲ, ಮುಂದೆ ಅರ್ಥವಾಗಲಿ ಎಂದು.

ನಾಲ್ಕಕ್ಕೆ ಯಂತ್ರದ ಕೋಣೆಯಲ್ಲೇ ಎಲ್ಲರೂ ಸೇರಿದರು. ಅತ್ತಿಗೆಯೇ ಹಾಗೆ ಕೇಳಿಕೊಂಡಿದ್ದರು. ಸಂಸ್ಥೆಯ ಅಧ್ಯಕ್ಷರಾದ ಬೆಳ್ಳಗಿನ ಹುಬ್ಬಿನ ವೃದ್ಧ ಡಾಕ್ಟರು ಇದ್ದ ಒಂದೇ ಕುರ್ಚಿಯಲ್ಲಿ ಕೂತರು. ಸೂಪರಿಂಟೆಂಡೆಂಟ್ ದೂರಿನ ಕಾಗದ ಹಿಡಿದು ಬಾಗಿಲ ಬಳಿ ನಿಂತರು. ಮೇಸ್ತ್ರಿ, ಕಂಡಕ್ಟರ್, ಮೈದುನ ಗೋಡೆಗೆ ಒರಗಿದರು. ಹುಡುಗಿ ಕಂಪ್ಯೂಟರಿನ ಮುಂದೆ ಕೈಕಟ್ಟಿ ನಿಂತಿದ್ದಳು. ಕೌಂಟರಿನ ಅಕ್ಕ ಮಾತ್ರ ಹೊರಗೆ ಹಾಲಿನಲ್ಲಿ ಜನರನ್ನು ಕರೆಯುತ್ತಿದ್ದರು. ಟೋಕನ್ ಕೂಗುವ ದನಿ ಬಾಗಿಲು ದಾಟಿ ಕೇಳುತ್ತಿತ್ತು.

"ನಾನು ಮಾತಾಡೋ ಮೊದಲು," ಎಂದರು ಅತ್ತಿಗೆ, "ಈ ಹುಡುಗಿ ತನ್ನ ಲೈಬ್ರರಿಯನ್ನ ವಾಪಸ್ ಹಾಕಲಿ. ಎಲ್ಲರ ಕಣ್ಣೆದುರಿಗೆ."

"ಅದು ಹೇಗೆ ಸಾಧ್ಯ?" ಸೂಪರಿಂಟೆಂಡೆಂಟ್ ಮುಂದೆ ಬಂದರು. "ಆಪಾದನೆ ಇರೋದೇ ಅವಳ ಮೇಲೆ. ಮತ್ತೆ ಅವಳ ಕೈಗೇ ಯಂತ್ರ ಕೊಡೋದಾ?"

"ಇಷ್ಟು ಜನ ಇದ್ದೀವಲ್ಲ," ಎಂದರು ಅಧ್ಯಕ್ಷರು. "ಮಾಡಮ್ಮ."

ಹುಡುಗಿ ಪೆನ್‌ಡ್ರೈವ್ ಹಾಕಿದಳು. ಏನೋ ಬರೆದಳು, ಒತ್ತಿದಳು. ಪರದೆಯ ಮೇಲೆ ನಾಲ್ಕಾರು ಸಾಲು ಮೂಡಿದವು. ಅವಳ ಹುಬ್ಬು ಗಂಟಿಕ್ಕಿತು.

"ಏನನ್ನುತ್ತೆ?" ಎಂದರು ಅತ್ತಿಗೆ.

"ನನ್ನ ಲೈಬ್ರರಿ ಹಾಕಬೇಕಾದ್ರೆ ಇನ್ನೊಂದು ಪ್ರೋಗ್ರಾಂ ತೆಗೀಬೇಕಂತೆ. ಟೋಕನ್ ಕರೆಯೋ ದನಿಯ ಪ್ರೋಗ್ರಾಂ. ಇದನ್ನ ನಾನು ಹಾಕೇ ಇಲ್ಲ ಮೇಡಂ. ಇದಕ್ಕೆ ಹೊಸ ಲೈಬ್ರರಿ ಬೇಕು, ನನ್ನದು ಹಳೇ ಆವೃತ್ತಿಯದು. ಎರಡೂ ಒಟ್ಟಿಗೆ ಇರಲ್ಲ."

ಸೂಪರಿಂಟೆಂಡೆಂಟರ ಕೈಯಲ್ಲಿದ್ದ ಕಾಗದ ಸದ್ದು ಮಾಡಿತು. ಮೈದುನ ಮೊದಲ ಸಲ ಅತ್ತ ನೋಡಿದ.

"ತೆಗಿ ಅನ್ನು," ಎಂದರು ಅತ್ತಿಗೆ.

ಹುಡುಗಿ ಒತ್ತಿದಳು. ಹಾಲಿನಲ್ಲಿ "ಟೋಕನ್ ಸಂಖ್ಯೆ ಮೂವತ್ತ" ಎಂದ ದನಿ ಅಲ್ಲಿಗೇ ಕತ್ತರಿಸಿತು. ಹೊರಗೆ ಗುಂಡಿ ಒತ್ತಿದ, ಮತ್ತೆ ಒತ್ತಿದ ಸದ್ದು. ಆಮೇಲೆ ಸರಸರ ಹೆಜ್ಜೆ. ಬಾಗಿಲು ತೆರೆಯಿತು. ಕೌಂಟರಿನ ಅಕ್ಕ ಬೇರೆ ಯಾರನ್ನೂ ನೋಡಲಿಲ್ಲ, ನೇರ ತಮ್ಮನ ಹತ್ತಿರ ಹೋಗಿ ತೋಳು ಹಿಡಿದು ಪಿಸುಗುಟ್ಟಿದರು.

"ದನಿ ನಿಂತುಹೋಯ್ತು ಕಣೋ. ಭಾನುವಾರ ಕೌಂಟರಲ್ಲಿ ಕೂತು ಹಾಕಿದ್ಯಲ್ಲ, ಇನ್ನೊಂದ್ಸಲ ಹಾಗೇ ಹಾಕಿಕೊಡು. ಜನ ಕಾಯ್ತಿದ್ದಾರೆ."

ಅಷ್ಟು ಸಣ್ಣ ಪಿಸುಮಾತು ಅಷ್ಟು ದೊಡ್ಡದಾಗಿ ಕೇಳಿದ್ದನ್ನು ಮೈದುನ ಎಂದೂ ಕಂಡಿರಲಿಲ್ಲ. ಸೂಪರಿಂಟೆಂಡೆಂಟ್ ಗೋಡೆ ಹಿಡಿದುಕೊಂಡರು.

ಅತ್ತಿಗೆ ಅಧ್ಯಕ್ಷರ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ಎಲ್ಲರೂ ಬೀಗದ ಹಿಂದೆ ಬಿದ್ರಿ. ಪ್ರೋಗ್ರಾಂ ಬದಲಾಯಿಸೋಕೆ ಬಾಗಿಲು ತೆರೆಯೋ ಅಗತ್ಯವೇ ಇರಲಿಲ್ಲ. ಕಂಪ್ಯೂಟರ್ ಇಲ್ಲಿದ್ರೂ ಅದರ ಇನ್ನೊಂದು ಕೀಲಿಮಣೆ ಕೌಂಟರಿನಲ್ಲಿದೆ, ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಹಾಗಾಗಿ ಕೀಲಿ ಇದ್ದ ಮೇಸ್ತ್ರಿ ಮೇಲೆ ಅನುಮಾನ ಪಡೋಕೆ ಕಾರಣವೇ ಉಳೀಲಿಲ್ಲ. ಅವರಿಗೆ ಯಂತ್ರ ಕೆಡಿಸಬೇಕಿದ್ರೆ ಒಂದು ತಂತಿ ಕೀಳ್ತಿದ್ರು. ಮೇಲಾಗಿ, ಯಂತ್ರ ಕಾಯೋದನ್ನ ಬಿಟ್ಟಿದೆ ಅಂತ ಮೊದಲು ಹೇಳಿದವರೇ ಅವರು. ಅದನ್ನ ಕೇಳಿದಾಗ ನನಗೆ ಖಾತ್ರಿಯಾಯ್ತು, ಭಾನುವಾರವೇ ಲೈಬ್ರರಿ ಬದಲಾಗಿದೆ."

"ಹುಡುಗಿಯೇ ಯಾಕಾಗಬಾರದು?" ಎಂದರು ಅಧ್ಯಕ್ಷರು.

"ಕೆಡಿಸೋದೇ ಉದ್ದೇಶ ಆಗಿದ್ರೆ ಲೈಬ್ರರಿ ಒಂದನ್ನೇ ಬದಲಾಯಿಸಿದ್ರೆ ಸಾಕಿತ್ತು. ಇಲ್ಲಿ ಹೊಸದೊಂದು ಬಂದಿದೆ. ಅಂಗಡಿಯಿಂದ ತಂದ ಪೆಟ್ಟಿಗೆ ತನ್ನಷ್ಟಕ್ಕೆ ಮಾತಾಡುತ್ತೆ ಅಂದ್ರು ಇವರು. ಅದರ ತಂತಿ ಈ ಕೋಣೆಗೆ ಯಾಕೆ ಬಂದಿದೆ ಮತ್ತೆ? ಕೌಂಟರಿನ ಗುಂಡಿಯ ಮಾತನ್ನ ದನಿಯ ಪ್ರೋಗ್ರಾಂ ಕೇಳಿಸಿಕೊಳ್ಳಬೇಕಲ್ಲ, ಅದಕ್ಕೂ ಇದೇ ಲೈಬ್ರರಿ ಬೇಕಿರಬಹುದು ಅನ್ನಿಸ್ತು. ಹೌದೋ ಅಲ್ಲವೋ ಅಂತ ಈಗ ಉಗ್ರಾಣಿಯ ಬಾಯಲ್ಲೇ ಕೇಳಿದ್ರಿ. ದನಿಯ ಪ್ರೋಗ್ರಾಂ ಬಂದ ದಿನ ಯಾವುದೋ, ಈ ಹುಡುಗಿಯ ಕೆಲಸ ಅಳಿಸಿಹೋದ ದಿನವೂ ಅದೇ."

"ನನ್ನ ಲೈಬ್ರರಿಯನ್ನ ಯಾರೂ ಬದಲಾಯಿಸಬಾರದು ಅಂತ ತಡೆ ಹಾಕಿದ್ದೆ," ಎಂದಳು ಹುಡುಗಿ. "ಯಾರೋ ಅದನ್ನ ಕೈಯಾರೆ ತೆಗೆದಿರಬೇಕು."

"ತೆಗೆದೆ," ಎಂದರು ಸೂಪರಿಂಟೆಂಡೆಂಟ್. ಅವರ ದನಿಯೂ ಅಕ್ಕನ ದನಿಯಷ್ಟೇ ಸಣ್ಣಗಾಗಿತ್ತು. "ಹಾಕೋಕೆ ಆಗಲ್ಲ, ಇಂಥದ್ದು ಅಡ್ಡ ಇದೆ ಅಂತ ಬಂತು. ಇಂಟರ್‌ನೆಟ್ಟಲ್ಲಿ ಯಾರೋ ಬರೆದಿದ್ದನ್ನ ನೋಡಿ ಹಾಗೇ ಒತ್ತಿದೆ. ಪೆಟ್ಟಿಗೆಯ ತಂತಿ ಸಿಕ್ಕಿಸಿದ್ದು ಸೋಮವಾರ, ಮೇಸ್ತ್ರಿ ಬೀಗ ತೆಗೆದ ಮೇಲೆ. ಅದೇನು ಅಂತ ನನಗೆ ಆಗ ಗೊತ್ತಿರಲಿಲ್ಲ. ಸೋಮವಾರ ಮೇಸ್ತ್ರಿ ಹೇಳಿದಾಗ ಗೊತ್ತಾಯ್ತು. ಹೇಳಬೇಕು ಅಂತ ಹೊರಟೆ, ಹೇಳಿದ್ರೆ ದನಿ ತೆಗೀತಾರೆ, ಅಕ್ಕನ ಕೆಲಸ ಹೋಗುತ್ತೆ. ಆಮೇಲೆ ಇವರಿಗೆ ಗಾಯ ಆಯ್ತು. ಆಮೇಲೆ ಬಾಯೇ ಬರಲಿಲ್ಲ."

"ದಾಖಲೆ ಅಳಿಸೋಕೆ ಕೈ ಬಂತು," ಎಂದರು ಅತ್ತಿಗೆ. "ತಿಳಿಯದೆ ಒತ್ತಿದ್ದನ್ನ ಯಾರಾದ್ರೂ ಕ್ಷಮಿಸಬಹುದಿತ್ತು. ಗೊತ್ತಾದ ಮೇಲೂ ಆ ಕಾಲನ್ನ ತೊಡೋಕೆ ಕೊಟ್ರಿ, ತಪ್ಪನ್ನ ಇವಳ ತಲೆಗೆ ಕಟ್ಟಿದ್ರಿ. ಇವತ್ತು ಬೆಳಿಗ್ಗೆ ಇವಳು ನನ್ನ ಮನೆಗೆ ಬಂದಾಗ ಇವಳ ಮುಖ ಹೇಗಿತ್ತು ಗೊತ್ತಾ ನಿಮಗೆ?"

ಕೌಂಟರಿನ ಅಕ್ಕ ತಮ್ಮನ ತೋಳು ಬಿಟ್ಟರು. ಹುಡುಗಿಯ ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು. ಹುಡುಗಿಗೆ ಅಳು ಬಂತು. ಬೆಳಗಿನ ಅಳು ಅಲ್ಲ ಅದು, ಕಟ್ಟಿಕೊಂಡಿದ್ದದ್ದು ಬಿಟ್ಟುಹೋದ ಅಳು.

ಅಧ್ಯಕ್ಷರು ದೂರಿನ ಕಾಗದ ಈಸಿಕೊಂಡು ಮಡಿಸಿ ಜೇಬಿಗೆ ಹಾಕಿದರು. ಸೂಪರಿಂಟೆಂಡೆಂಟ್ ನಾಳೆಯಿಂದ ಆ ಹುದ್ದೆಯಲ್ಲಿ ಇರುವುದು ಬೇಡವೆಂದೂ, ಗಾಯಗೊಂಡವರ ಮುಂದೆ ನಿಂತು ಮೊದಲು ತಪ್ಪೊಪ್ಪಿಕೊಳ್ಳಬೇಕೆಂದೂ ಹೇಳಿದರು. ಆಮೇಲೆ ಎದ್ದು ಹುಡುಗಿಯ ಮುಂದೆ ನಿಂತು, "ನಿನ್ನ ಮಾತು ಕೇಳದೆಯೇ ಗೇಟು ಹಾಕಿಸಿದೆನಮ್ಮ. ನನ್ನದೂ ತಪ್ಪೇ," ಎಂದರು. ಅವಳು ತಲೆಯಾಡಿಸಿದಳು.

"ನಿನಗೂ ಒಂದು ಮಾತಿದೆ," ಎಂದರು ಅತ್ತಿಗೆ ಹೊರಡುವ ಮುನ್ನ. "ಅಷ್ಟು ಕಷ್ಟಪಟ್ಟು ತಿದ್ದಿ ಕಟ್ಟಿದೆ, ಆದ್ರೆ ಮಾಮೂಲಿ ಲೈಬ್ರರಿಯ ಹೆಸರಲ್ಲೇ ಬಿಟ್ಟೆ. ಉಗ್ರಾಣಿ ಅದನ್ನ ಹಳೇ ಸಾಮಾನು ಅಂದ್ಕೊಂಡ. ಇನ್ನು ಮೇಲೆ ನಿನ್ನ ಕೆಲಸಕ್ಕೆ ಬೇರೆ ಹೆಸರಿಡು, ಜಾಗವೂ ಬೇರೆ ಕೊಡು. ಆಗ ದನಿಗೆ ಬೇಕಾದ್ದು ದನಿಗೆ, ಯಂತ್ರಕ್ಕೆ ಬೇಕಾದ್ದು ಯಂತ್ರಕ್ಕೆ. ಯಾರೂ ಯಾರನ್ನೂ ತಳ್ಳಬೇಕಿಲ್ಲ. ಮತ್ತೆ ಆ ಪಾಸ್‌ವರ್ಡ್ ಬದಲಾಯಿಸು."

"ಇವತ್ತೇ ಮಾಡ್ತೀನಿ ಮೇಡಂ," ಎಂದಳು ಹುಡುಗಿ ಮೂಗೊರೆಸಿಕೊಳ್ಳುತ್ತ.

ಅಂದಿನಿಂದ ಕೆಲವು ವಾರ ಕಳೆದು, ಗಾಯ ಮಾಗಿದ ಮೇಲೆ, ಕಂಡಕ್ಟರ್ ಹೊಸ ಕಾಲು ತೊಡುವ ದಿನ ಅತ್ತಿಗೆಗೂ ಮೈದುನನಿಗೂ ಹೇಳಿಕಳಿಸಿದ್ದರು. ಹುಡುಗಿ ನೆಲದ ಮೇಲೆ ಮಂಡಿಯೂರಿ ಕೂತು ಬಟ್ಟಲಿನ ಅಂಚನ್ನು ಬೆರಳಿಂದ ಸುತ್ತ ನೋಡಿದಳು, ಎಲ್ಲೂ ಒತ್ತುತ್ತಿಲ್ಲವಷ್ಟೇ ಎಂದು ಮತ್ತೆ ಮತ್ತೆ ಕೇಳಿದಳು. ಕಂಡಕ್ಟರ್ ಎದ್ದರು. ಹಾಲಿನ ಈ ತುದಿಯಿಂದ ಆ ತುದಿಗೆ ನಡೆದರು. ಬೆಂಚಿನ ಮೇಲಿದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು. ಮುಂಬಾಗಿಲಿನ ಮೆಟ್ಟಿಲ ಬಳಿ ಬಂದಾಗ ಮೈದುನ ಓಡಿಹೋಗಿ ತೋಳು ಹಿಡಿಯಲು ಕೈಚಾಚಿದ.

"ಬೇಡಪ್ಪ," ಎಂದರು ಕಂಡಕ್ಟರ್. "ಈ ಕಾಲು ಮಾಡಿದವಳು ಯಾರು ಅಂತ ನನಗೆ ಗೊತ್ತು."

ಹಾಗೆಂದು ಕೈ ಎರಡನ್ನೂ ಬೀಸಿಕೊಂಡು ಮೆಟ್ಟಿಲಿಳಿದು, ಬೀದಿ ದಾಟಿ, ಬಂದು ನಿಂತ ಬಸ್ಸನ್ನು ಹತ್ತಿದರು.